ಹಳಿಯಾಳ ರಸ್ತೆಯ ನೆರೆಯವರು: ಸಿದ್ದಿಗಳು ಮತ್ತು ಸ್ವಸಹಾಯದ ಇತಿಹಾಸ



ಧಾರವಾಡದಿಂದ ಹಳಿಯಾಳಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಸಂತೆಯ ದಿನ ಅಲ್ಲಿ ಇಳಿದರೆ ಗುಂಗುರು ಕೂದಲಿನ, ಕಪ್ಪು ಮೈಬಣ್ಣದ ಹೆಣ್ಣುಮಕ್ಕಳು ಸೀರೆಯುಟ್ಟು ಕೊಂಕಣಿಯಲ್ಲೋ ಕನ್ನಡದಲ್ಲೋ ಚೌಕಾಸಿ ಮಾಡುವುದನ್ನು ನೀವು ನೋಡಿರಬಹುದು. ಕೆಲವರು ನಮ್ಮ ಹಾಗೆಯೇ ಉರ್ದು ಮಾತನಾಡುತ್ತಾರೆ. ಹುಬ್ಬಳ್ಳಿಯ ಪೇಟೆಗೆ ಇವರಲ್ಲಿ ಯಾರಾದರೂ ಬಂದರೆ ನಮ್ಮ ಹುಡುಗರು 'ಯಾವ ದೇಶದವರು?' ಎಂದು ಕೇಳುತ್ತಾರೆ. ನಾಲ್ಕು ನೂರು ವರ್ಷಗಳಿಂದ ಈ ಕಡೆಯ ಮಣ್ಣಿನಲ್ಲಿರುವ ಜನರನ್ನು ಯಾವ ದೇಶದವರು ಎಂದು ಕೇಳುವುದು ಎಷ್ಟು ವಿಚಿತ್ರ! ಇವರೇ ಸಿದ್ದಿಗಳು.

ನಮ್ಮ ಸಭೆ ಸಮಾರಂಭಗಳಲ್ಲಿ ಮಲಿಕ್ ಅಂಬರನ ಹೆಸರನ್ನು ಬಹಳ ಅಭಿಮಾನದಿಂದ ಹೇಳುತ್ತೇವೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹ್ಮದನಗರಕ್ಕೆ ಬಂದು, ಕೆಲಕಾಲ ನಮ್ಮ ವಿಜಾಪುರದ ಸುಲ್ತಾನರ ಸೇವೆಯಲ್ಲೂ ಇದ್ದು, ಕೊನೆಗೆ ಮೊಗಲರ ಸೈನ್ಯವನ್ನೇ ತಡೆದು ನಿಲ್ಲಿಸಿದ ವೀರ ಆತ, 1626ರಲ್ಲಿ ತೀರಿಕೊಂಡ. ವಿಜಾಪುರದ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿಯ ಮಾತು ನಡೆಯುತ್ತಿತ್ತು. ಇವೆಲ್ಲ ನಿಜವೇ. ಆದರೆ ಅರಮನೆ ಸೇರಿದ ಹಬಶಿಗಳ ಕಥೆ ಹೇಳುವ ನಾವು, ಕಾಡು ಸೇರಿದ ಹಬಶಿಗಳನ್ನು ಮರೆತುಬಿಟ್ಟಿದ್ದೇವೆ. ಈ ಲೇಖನ ಕಾಡು ಸೇರಿದವರ ಬಗ್ಗೆ, ವಿಶೇಷವಾಗಿ ಅವರು ತಮ್ಮನ್ನು ತಾವೇ ಎತ್ತಿಕೊಳ್ಳಲು ಮಾಡಿದ ಪ್ರಯತ್ನದ ಬಗ್ಗೆ.

ಹದಿನಾರನೆಯ ಶತಮಾನದಿಂದ ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ, ಅದರಲ್ಲೂ ಮೊಜಾಂಬಿಕ್ ಕಡೆಯಿಂದ, ಗುಲಾಮರನ್ನು ಗೋವೆಗೆ ತರುತ್ತಿದ್ದರು. ಮನೆಗೆಲಸ, ಪಲ್ಲಕ್ಕಿ ಹೊರುವುದು, ಹಡಗಿನ ಕೆಲಸ, ಎಲ್ಲಕ್ಕೂ ಇವರೇ. ತಮ್ಮ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಆಜ್ಞೆಯನ್ನು ಪೋರ್ಚುಗೀಸರು ಹೊರಡಿಸಿದ್ದು 1869ರಲ್ಲಿ. ಅಷ್ಟರವರೆಗೆ ಕಾಯುವ ತಾಳ್ಮೆ ಇಲ್ಲದವರು ಘಟ್ಟ ಹತ್ತಿ ಓಡಿಬಂದರು. ಓಡಿಬಂದವರ ಮಕ್ಕಳು ಮೊಮ್ಮಕ್ಕಳೇ ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲೂಕುಗಳ ಕಾಡಂಚಿನ ಊರುಗಳಲ್ಲಿ, ನಮ್ಮ ಜಿಲ್ಲೆಯ ಕಲಘಟಗಿಯಲ್ಲಿ, ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರೂ ಇದ್ದಾರೆ. ಯಾರ ಆಶ್ರಯದಲ್ಲಿ, ಯಾರ ನೆರೆಯಲ್ಲಿ ಬಾಳಿದರೋ ಆ ಧರ್ಮದ ನೆರಳು ಬಿತ್ತು ಎಂಬುದು ಅಧ್ಯಯನ ಮಾಡಿದವರ ಅಭಿಪ್ರಾಯ. ಆದರೂ ಯಲ್ಲಾಪುರ ತಾಲೂಕಿನ ಸಾತುಂಬೈಲಿನಲ್ಲಿ 'ಸಿದ್ದಿ ನಾಸ್' ಎಂಬ ಸ್ಥಳವಿದ್ದು, ಅಲ್ಲಿ ವರ್ಷಕ್ಕೊಮ್ಮೆ ಮೂರೂ ಧರ್ಮದ ಸಿದ್ದಿಗಳು ಸೇರುತ್ತಾರೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಾಡಿಗೆ ಓಡಿಬಂದರೆ ಬಿಡುಗಡೆ ಸಿಕ್ಕಂತಾಯಿತೇ? ಇಲ್ಲ. ಗುಲಾಮಗಿರಿ ಹೋಗಿ ಜೀತ ಬಂತು. ಮದುವೆಗೋ ಕಾಯಿಲೆಗೋ ತಂದ ಸಾಲಕ್ಕೆ ಒಡೆಯರ ತೋಟದಲ್ಲಿ, ಗದ್ದೆಯಲ್ಲಿ ಅಪ್ಪ ದುಡಿದ, ಮಗ ದುಡಿದ, ಮೊಮ್ಮಗನೂ ದುಡಿದ. ಉಳಿದಂತೆ ಜೇನು, ಸೀಗೆಕಾಯಿ, ಕಟ್ಟಿಗೆ. ಟಿ.ಸಿ. ಪಾಲಾಕ್ಷಪ್ಪ ಅವರು ಉತ್ತರ ಕನ್ನಡದ ಸಿದ್ದಿಗಳ ಕುರಿತು ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂದಾಗ, ಹೊರಗಿನ ಓದುವ ಜನರಿಗೆ ಇವರ ಬದುಕು ಮೊದಲ ಬಾರಿಗೆ ಸ್ವಲ್ಪ ವಿವರವಾಗಿ ತಿಳಿಯಿತು.

ಇದೇ ಆಫ್ರಿಕಾದ ಇನ್ನೊಂದು ಅಂಚಿನಿಂದ ಹಡಗು ತುಂಬಿಕೊಂಡು ಅಮೆರಿಕಕ್ಕೆ ಒಯ್ಯಲ್ಪಟ್ಟವರ ಕಥೆಯನ್ನೂ ಸ್ವಲ್ಪ ಹೇಳಬೇಕು. ಏಕೆಂದರೆ ಹಳಿಯಾಳದಲ್ಲಿ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ಅದು ಸಹಾಯ ಮಾಡುತ್ತದೆ.

1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ರಿಚರ್ಡ್ ಅಲೆನ್ ಮತ್ತು ಆಬ್ಸಲಮ್ ಜೋನ್ಸ್ ಎಂಬಿಬ್ಬರು 'ಫ್ರೀ ಆಫ್ರಿಕನ್ ಸೊಸೈಟಿ' ಎಂಬ ಸಂಘ ಕಟ್ಟಿದರು. ಇಬ್ಬರೂ ಗುಲಾಮರಾಗಿ ಹುಟ್ಟಿ ಬಿಡುಗಡೆ ಪಡೆದವರು. ಸಂಘದ ನಿಯಮ ಬಹಳ ಸರಳ. ಪ್ರತಿ ಸದಸ್ಯ ತಿಂಗಳಿಗೆ ಒಂದು ಬೆಳ್ಳಿಯ ಶಿಲ್ಲಿಂಗ್ ಕೊಡಬೇಕು. ಒಂದು ವರ್ಷ ಕೂಡಿಟ್ಟ ಮೇಲೆ ಕಷ್ಟಕ್ಕೆ ಬಿದ್ದ ಸದಸ್ಯನಿಗೆ ವಾರಕ್ಕೆ ಮೂರು ಶಿಲ್ಲಿಂಗ್ ಒಂಬತ್ತು ಪೆನ್ಸ್. ತೀರಿಹೋದ ಸದಸ್ಯನ ವಿಧವೆಯನ್ನೂ ಮಕ್ಕಳ ಓದನ್ನೂ ಸಂಘ ನೋಡಿಕೊಳ್ಳಬೇಕು. ಅಲೆನ್ ಮತ್ತು ಜೋನ್ಸ್ ಇಬ್ಬರೂ ಧರ್ಮಬೋಧಕರಾಗಿದ್ದರು. ಆದರೂ ಸದಸ್ಯನ ಮತಾಚರಣೆ ಯಾವುದೆಂದು ಸಂಘ ಕೇಳಬಾರದು, ನಡತೆ ನೆಟ್ಟಗಿದ್ದರೆ ಸಾಕು ಎಂದು ತೀರ್ಮಾನಿಸಿದರು. ಆರು ವರ್ಷಗಳ ನಂತರ, 1793ರಲ್ಲಿ, ಆ ಊರಿಗೆ ಹಳದಿ ಜ್ವರ ಬಂತು. ಉಳ್ಳವರು ಊರು ಬಿಟ್ಟರು. ರೋಗಿಗಳ ಶುಶ್ರೂಷೆ ಮಾಡಿದವರಲ್ಲಿ, ಹೆಣ ಹೊತ್ತು ಮಣ್ಣು ಮಾಡಿದವರಲ್ಲಿ ಈ ಸಂಘದವರೇ ಮುಂದೆ ಇದ್ದರು. ಕಪ್ಪು ಜನರಿಗೆ ಆ ಜ್ವರ ತಗಲುವುದಿಲ್ಲ ಎಂಬ ವೈದ್ಯರ ನಂಬಿಕೆ ಸುಳ್ಳಾಯಿತು, ಅವರಲ್ಲೂ ಬಹಳ ಜನ ಸತ್ತರು. ಇಷ್ಟೆಲ್ಲ ಆದ ಮೇಲೆ ಒಬ್ಬ ಪ್ರಕಾಶಕ, ಇವರು ಹಣ ಸುಲಿದರು ಎಂದು ಬರೆದ! ಅಲೆನ್ ಮತ್ತು ಜೋನ್ಸ್ 1794ರಲ್ಲಿ ಲೆಕ್ಕಪತ್ರ ಸಮೇತ ಉತ್ತರ ಬರೆದು ಅಚ್ಚು ಹಾಕಿಸಿದರು. ಸಂಘ ಸಂಸ್ಥೆಗಳ ಖಜಾಂಚಿಗಳು ಈ ಪ್ರಸಂಗವನ್ನು ಗಮನಿಸಬೇಕೆಂದು ನನ್ನ ವಿನಂತಿ.

ಇನ್ನೊಂದು ಪ್ರಸಂಗ ನಮ್ಮಂಥ ಶಿಕ್ಷಕರಿಗೆ ಇನ್ನೂ ಹತ್ತಿರದ್ದು. ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ರಾಜ್ಯದ ಸಂವಿಧಾನವನ್ನು ಓದಿ ತೋರಿಸಬೇಕಿತ್ತು. ಕಪ್ಪು ಜನರಿಗೆ ಶಾಲೆಯೇ ಸರಿಯಾಗಿಲ್ಲದ ಮೇಲೆ ಓದುವುದೆಲ್ಲಿಂದ ಬಂತು? ಜಾನ್ಸ್ ದ್ವೀಪದ ಈಸಾ ಜೆಂಕಿನ್ಸ್ ಎಂಬಾತ ಕೂಲಿಕಾರರನ್ನು ತನ್ನ ಬಸ್ಸಿನಲ್ಲಿ ದಿನಾಲೂ ಪೇಟೆಗೆ ಒಯ್ಯುತ್ತಿದ್ದ. ದಾರಿಯುದ್ದಕ್ಕೂ ಅವರಿಗೆ ಸಂವಿಧಾನದ ಭಾಗಗಳನ್ನು ಹೇಳಿಕೊಡುತ್ತಿದ್ದ. ಕೆಲವರು ಬಾಯಿಪಾಠ ಮಾಡಿ ಪಾಸಾದರು. ಆದರೆ ಬಸ್ಸಿನಲ್ಲಿ ಬಾಯಿಪಾಠ ಮಾಡಿಸಬಹುದು, ಅಕ್ಷರ ಕಲಿಸುವುದು ಕಷ್ಟ. ಆಗ ಜೊತೆಯಾದವರು ಸೆಪ್ಟಿಮಾ ಕ್ಲಾರ್ಕ್. ನಲವತ್ತು ವರ್ಷ ಶಿಕ್ಷಕಿಯಾಗಿದ್ದ ಈ ತಾಯಿ, ಹಕ್ಕುಗಳಿಗಾಗಿ ಹೋರಾಡುವ ಸಂಘದ ಸದಸ್ಯತ್ವ ಬಿಡುವುದಿಲ್ಲ ಎಂದಿದ್ದಕ್ಕೆ 1956ರಲ್ಲಿ ನೌಕರಿ ಕಳೆದುಕೊಂಡರು, ಪಿಂಚಣಿಯೂ ಹೋಯಿತು. 1957ರ ಜನವರಿಯಲ್ಲಿ ಆ ದ್ವೀಪದ ಒಂದು ಸಹಕಾರಿ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಶಾಲೆ ಶುರುವಾಯಿತು. ಮುಂದೆ ಅಂಗಡಿ ಇದ್ದುದರಿಂದ ಬಿಳಿಯರಿಗೆ ಸಂಶಯ ಬರಲಿಲ್ಲ.

ಪಾಠ ಹೇಳಲು ಆರಿಸಿದ್ದು ಬಿ.ಎಡ್. ಆದವರನ್ನಲ್ಲ ಎಂಬುದು ನಮಗೆ ಸ್ವಲ್ಪ ಮುಜುಗರ ತರುವ ಸಂಗತಿ! ಬರ್ನಿಸ್ ರಾಬಿನ್‌ಸನ್ ಎಂಬ, ಕೇಶಶೃಂಗಾರ ಮತ್ತು ಹೊಲಿಗೆಯಿಂದ ಹೊಟ್ಟೆ ಹೊರೆಯುತ್ತಿದ್ದ ಹೆಣ್ಣುಮಗಳನ್ನು ಒತ್ತಾಯ ಮಾಡಿ ಒಪ್ಪಿಸಿದರು. ಇದಕ್ಕೊಂದು ಕಾರಣವಿತ್ತು. ಆಕೆಯ ಗಿರಾಕಿಗಳೆಲ್ಲ ಕಪ್ಪು ಹೆಂಗಸರು. ಆದ್ದರಿಂದ ಯಾವ ಬಿಳಿ ಯಜಮಾನನೂ ಆಕೆಯನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಮೊದಲ ದಿನ ಆಕೆ ಮಕ್ಕಳ ಪಠ್ಯಪುಸ್ತಕ ಒಯ್ದಿದ್ದರು. ಎದುರಿಗೆ ಕುಳಿತ 14 ಜನ ದುಡಿದು ಬಂದ ದೊಡ್ಡವರು. ಪುಸ್ತಕ ಬದಿಗಿಟ್ಟು 'ನಿಮಗೆ ಏನು ಕಲಿಯಬೇಕಾಗಿದೆ?' ಎಂದು ಕೇಳಿದರು. ಸಹಿ ಮಾಡಲು, ಬೈಬಲ್ ಓದಲು, ಅಂಚೆಯಲ್ಲಿ ಸಾಮಾನು ತರಿಸುವ ಫಾರ್ಮು ತುಂಬಲು ಎಂದು ಅವರು ಹೇಳಿದರು. ಅದೇ ಪಠ್ಯಕ್ರಮವಾಯಿತು. ಮುಂದೆ ದಕ್ಷಿಣದ ರಾಜ್ಯಗಳಲ್ಲಿ ಇಂಥ ನೂರಾರು ಶಾಲೆಗಳಾದವು, ಕಲಿತವರಲ್ಲೇ ಕೆಲವರು ಕಲಿಸುವವರಾದರು. 1965ರ ಕಾಯ್ದೆಯ ನಂತರ ಓದಿನ ಆ ಪರೀಕ್ಷೆಯೇ ರದ್ದಾಯಿತು.

ಇನ್ನು ನಮ್ಮ ಘಟ್ಟದಂಚಿಗೆ ಬರೋಣ. 1984ರಲ್ಲಿ ಅಖಿಲ ಕರ್ನಾಟಕ ಸಿದ್ದಿ ಅಭಿವೃದ್ಧಿ ಸಂಘ ಹುಟ್ಟಿತು. ಸಿದ್ದಿಗಳಲ್ಲಿ ಅಷ್ಟೋ ಇಷ್ಟೋ ಓದಿದ ಮೊದಲ ತಲೆಮಾರಿನ ಯುವಕರು ಮುಂದೆ ಬಂದಿದ್ದರು. ಕ್ರೈಸ್ತ ಮಿಷನ್ನುಗಳ ಶಾಲೆ, ಸರಕಾರಿ ಶಾಲೆ, ಹೀಗೆ ಸಿಕ್ಕ ಸಿಕ್ಕ ಕಡೆ ಓದಿಕೊಂಡ ಹುಡುಗರು. ಮುಂಡಗೋಡದಲ್ಲಿ ಲೊಯೋಲಾ ವಿಕಾಸ ಕೇಂದ್ರದಂಥ ಸಂಸ್ಥೆಗಳ ಬೆಂಬಲವೂ ಸಿದ್ದಿಗಳಿಗೆ ದೊರೆಯಿತು. ಆದರೆ ಸಂಘದ ಹೆಸರಿನಲ್ಲಿ ಹಿಂದೂ ಎಂದಿರಲಿಲ್ಲ, ಕ್ರೈಸ್ತ ಎಂದಿರಲಿಲ್ಲ, ಮುಸ್ಲಿಂ ಎಂದಿರಲಿಲ್ಲ. ಸಿದ್ದಿ ಎಂದಷ್ಟೇ ಇತ್ತು. ಸಾತುಂಬೈಲಿನ ಮಾತನ್ನು ನೆನಪಿಡಿ ಎಂದಿದ್ದೆನಲ್ಲ, ಅದು ಇದಕ್ಕಾಗಿ.

ಇದರಲ್ಲಿ ಭಾವನೆಯ ಜೊತೆಗೆ ಕಾನೂನಿನ ಜಾಣತನವೂ ಇದೆ. ನಮ್ಮ ದೇಶದಲ್ಲಿ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್ ಮತ್ತು ಬೌದ್ಧರಿಗೆ ಮಾತ್ರ ಸಿಗುತ್ತದೆ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಕಟ್ಟುಪಾಡಿಲ್ಲ. ಸಿದ್ದಿಗಳು ಮೂರು ಭಾಗವಾಗಿ ಹೋಗಿ ಕೇಳಿದ್ದರೆ ಒಂದೊಂದು ಭಾಗಕ್ಕೂ ಒಂದೊಂದು ಕಚೇರಿಯಲ್ಲಿ ಒಂದೊಂದು ಉತ್ತರ ಸಿಗುತ್ತಿತ್ತು. ಒಂದೇ ಬುಡಕಟ್ಟು ಎಂದು ಒಟ್ಟಿಗೆ ಹೋದದ್ದರಿಂದ ಮೂವರಿಗೂ ಸಿಕ್ಕಿತು. ಅದಕ್ಕೂ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಮನವಿ, ಪಾದಯಾತ್ರೆಗಿಂತ ಹೆಚ್ಚು ತಾಳ್ಮೆ ಬೇಡುವ ಕಚೇರಿ ಅಲೆದಾಟ, ಮತ್ತೆ ಮನವಿ. ಕೊನೆಗೆ 2003ರ ಜನವರಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

ಈ ನಡುವೆ ಮೇಲಿನಿಂದಲೂ ಒಂದು ಸಹಾಯ ಬಂದಿತ್ತು. ಅದನ್ನು ಬಿಟ್ಟರೆ ಇತಿಹಾಸ ಪೂರ್ಣವಾಗುವುದಿಲ್ಲ. ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, 1987ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ, ದೂರದ ತರಬೇತಿ ಕೇಂದ್ರಗಳಿಗೆ ಒಯ್ದು ಓಟ ಕಲಿಸಿತು. ಆಫ್ರಿಕಾದ ರಕ್ತ, ಒಲಿಂಪಿಕ್ಸ್ ಪದಕ ತರುತ್ತಾರೆ ಎಂಬ ಲೆಕ್ಕ. ಹುಡುಗ ಹುಡುಗಿಯರು ಚೆನ್ನಾಗಿಯೇ ಓಡಿದರು, ರಾಷ್ಟ್ರಮಟ್ಟದಲ್ಲಿ ಗೆದ್ದವರಿದ್ದಾರೆ, ಕೆಲವರಿಗೆ ಅದರಿಂದ ಸರಕಾರಿ ನೌಕರಿಯೂ ಸಿಕ್ಕಿತು. ಅದನ್ನು ಅಲ್ಲಗಳೆಯಬಾರದು. ಆದರೆ 1993ರಲ್ಲಿ ಯೋಜನೆ ನಿಂತುಹೋಯಿತು. ಹಲವರು ಅರ್ಧಕ್ಕೇ ಬಿಟ್ಟು ಮನೆಗೆ ಮರಳಿದರು. ಆರು ವರ್ಷ ಹಾಸ್ಟೆಲಿನಲ್ಲಿದ್ದ ಹುಡುಗ ಮತ್ತೆ ಅದೇ ಗದ್ದೆಗೆ ಇಳಿಯುವಾಗ ಅವನ ಮನಸ್ಸು ಹೇಗಿದ್ದಿರಬೇಕು, ನೀವೇ ಯೋಚಿಸಿ. ಫೈಲು ತೆರೆದಾಗ ಬಂದ ಸಹಾಯ ಫೈಲು ಮುಚ್ಚಿದಾಗ ಹೋಯಿತು. 1984ರ ಸಂಘಕ್ಕೆ ಫೈಲು ಇರಲಿಲ್ಲ, ಆದ್ದರಿಂದ ಯಾರೂ ಮುಚ್ಚಲಾಗಲಿಲ್ಲ.

ಕಳೆದ ದಶಕದಿಂದ ಮುಂಡಗೋಡದ ಕಡೆ 'ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್' ಎಂಬ ಸಂಸ್ಥೆ ಸಿದ್ದಿ ಮಕ್ಕಳಿಗೆ ಅವರಿರುವ ಪ್ರದೇಶದಲ್ಲೇ ತರಬೇತಿ ಕೊಡುವ ಕೆಲಸ ಮಾಡಿದೆ. ಮಗುವನ್ನು ದೂರ ಒಯ್ಯುವ ಬದಲು ಮೈದಾನವನ್ನೇ ಹತ್ತಿರ ತರುವ ಈ ಕ್ರಮ ನನಗೆ ಹೆಚ್ಚು ಸರಿ ಎನಿಸುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಸಿದ್ದಿ ಮಗು ತರಗತಿಗೆ ಬಂದರೆ ಗಣಿತದ ಪುಸ್ತಕ ಕೊಡುವ ಮೊದಲೇ 'ನೀ ಓಟಕ್ಕೆ ಹೋಗು' ಎನ್ನುವ ಶಿಕ್ಷಕರಿದ್ದಾರೆ. ಹೊಗಳಿಕೆಯಂತೆ ಕಾಣುವ ಈ ಮಾತು ಆ ಮಗುವಿನ ಮುಂದಿನ ನಾಲ್ಕು ಬಾಗಿಲು ಮುಚ್ಚಿ ಒಂದನ್ನು ಮಾತ್ರ ತೆರೆದಿಡುತ್ತದೆ. ಪ್ರಶಾಂತ ಸಿದ್ದಿ ನೀನಾಸಂನಲ್ಲಿ ಕಲಿತು ಕನ್ನಡ ಚಿತ್ರಗಳ ನಟರಾದರು. ಯಲ್ಲಾಪುರದ ಶಾಂತಾರಾಮ ಸಿದ್ದಿ ಪದವಿ ಓದಿ, ವನವಾಸಿ ಕಲ್ಯಾಣದ ಕಾರ್ಯಕರ್ತರಾಗಿ ವರ್ಷಾನುಗಟ್ಟಲೆ ಕಾಡಿನ ಊರುಗಳಲ್ಲಿ ತಿರುಗಿ, 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಸಿದ್ದಿ ಸಮುದಾಯದಿಂದ ನಮ್ಮ ಶಾಸನಸಭೆಗೆ ಹೋದವರಲ್ಲಿ ಅವರೇ ಮೊದಲಿಗರು. ರಾಜಕೀಯ ಅಭಿಪ್ರಾಯ ಯಾರದು ಏನೇ ಇರಲಿ, ಒಂದು ಸಿದ್ದಿ ಮಗುವಿಗೆ ತೋರಿಸಿ 'ನೋಡಪ್ಪಾ' ಎನ್ನಲು ಈಗ ಮುಖಗಳಿವೆ.

ಹೆಂಗಸರ ಕೆಲಸ ಬೇರೆ ರೀತಿಯದು. ನಮ್ಮ ಕಡೆ ಕೌದಿ ಎನ್ನುವುದನ್ನು ಸಿದ್ದಿಗಳು ಕವಂದಿ ಎನ್ನುತ್ತಾರೆ. ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತಿ ಸುತ್ತಿ ಒಳಕ್ಕೆ ಬರುತ್ತಾ ಹೊಲಿಯುತ್ತಾರೆ. ಮುಸ್ಲಿಂ ಸಿದ್ದಿಗಳ ಕವಂದಿಯಲ್ಲಿ ಅರ್ಧಚಂದ್ರ, ಕ್ರೈಸ್ತರದರಲ್ಲಿ ಶಿಲುಬೆ ಕಾಣುವುದುಂಟು. ಹೊಲಿಗೆ ಮಾತ್ರ ಒಂದೇ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಫೂಲ' ಇಡಬೇಕು, ಅದಿಲ್ಲದ ಕೌದಿ ಬೆತ್ತಲೆ ಎಂದು ಅವರ ಭಾವನೆ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಇವುಗಳನ್ನು ನೋಡಿ ಬೆರಗಾಗಿ, ಕೆಂದಲಗೇರಿಯಲ್ಲಿ ಹೆಂಗಸರು ಸಹಕಾರಿ ಗುಂಪು ಮಾಡಿಕೊಳ್ಳಲು ನೆರವಾದರು. ಮೊಮ್ಮಗುವಿಗೆಂದು ಹೊಲಿಯುತ್ತಿದ್ದ ಕೌದಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಕಪ್ಪು ಜನರ ಸಂಸ್ಕೃತಿಯನ್ನು ಕಾಪಾಡುವ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡಿತು. ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಪಕ್ಕದಲ್ಲಿ ಕುಳಿತು ದಾಟಿಸಿದ ಈ ವಿದ್ಯೆಗೆ ಯಾವ ಸರ್ಟಿಫಿಕೇಟೂ ಇರಲಿಲ್ಲ.

ಗುಜರಾತಿನ ಗೀರ್ ಕಾಡಿನ ಬಳಿ ಜಾಂಬೂರ್ ಎಂಬ ಊರಿದೆ. ಅಲ್ಲಿಯ ಸಿದ್ದಿಗಳು ಹೆಚ್ಚಾಗಿ ಮುಸಲ್ಮಾನರು. ಅಲ್ಲಿ ಹೀರಾಬಾಯಿ ಇಬ್ರಾಹಿಂ ಲೋಬಿ ಎಂಬ ತಾಯಿ ಚಿಕ್ಕಂದಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಅಜ್ಜಿಯ ಬಳಿ ಬೆಳೆದರು. ಶಾಲೆಯ ಓದಿಲ್ಲ. ರೇಡಿಯೋ ಕೇಳಿ ಕೇಳಿ ಸರಕಾರದ ಯೋಜನೆಗಳನ್ನು, ಸಾವಯವ ಗೊಬ್ಬರದ ವಿಷಯವನ್ನು ತಿಳಿದುಕೊಂಡರು. ತಿಳಿದದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಊರಿನ ಹೆಂಗಸರನ್ನು ಕೂಡಿಸಿ ಗೊಬ್ಬರ ಮಾಡಿಸಿದರು, ಉಳಿತಾಯ ಕಲಿಸಿದರು, ಪುಟ್ಟ ಮಕ್ಕಳಿಗೆ ಬಾಲವಾಡಿ ನಡೆಸಿದರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಹೆಣ್ಣುಮಕ್ಕಳ ಶಾಲೆಗಳ ಗೋಡೆಯ ಮೇಲೆ ಅವರ ಚಿತ್ರ ಇರಬೇಕಾಗಿತ್ತು.

ಓದುಗರೇ, ಈ ಮೂರು ನಾಲ್ಕು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಸ್ಸಿನ ಜೆಂಕಿನ್ಸ್, ಕತ್ತರಿ ಹಿಡಿದ ರಾಬಿನ್‌ಸನ್, ರೇಡಿಯೋ ಕೇಳುವ ಲೋಬಿ, ಹೆಚ್ಚೇನೂ ಓದಿರದ 1984ರ ಹುಡುಗರು, ಇವರಲ್ಲಿ ಯಾರೂ ಬಹಳ ಮುಂದೆ ಹೋಗಿ ಹಿಂತಿರುಗಿ ಬಂದು ಉದ್ಧಾರ ಮಾಡಿದವರಲ್ಲ. ಕಲಿಯುವವನಿಗಿಂತ ಒಂದೇ ಹೆಜ್ಜೆ ಮುಂದೆ ಇದ್ದವರು. ಒಂದೇ ಹೆಜ್ಜೆ ಮುಂದಿರುವವನಿಗೆ ಹಿಂದಿನವನು ಎಡವುವ ಕಲ್ಲು ಎಲ್ಲಿದೆ ಎಂದು ಗೊತ್ತಿರುತ್ತದೆ, ನಿನ್ನೆ ತಾನೇ ಅಲ್ಲಿ ಎಡವಿರುತ್ತಾನೆ. ನಾವು ಸಂಘ ಸಂಸ್ಥೆಯವರು ವರ್ಷಕ್ಕೊಮ್ಮೆ ನೋಟುಪುಸ್ತಕ ಹಂಚಿ ಫೋಟೋ ತೆಗೆಸುತ್ತೇವೆ. ಅದು ತಪ್ಪಲ್ಲ, ನೋಟುಪುಸ್ತಕವೂ ಬೇಕು. ಆದರೆ ಎಸ್.ಎಸ್.ಎಲ್.ಸಿ. ಪಾಸಾದ ಒಬ್ಬ ಸಿದ್ದಿ ಹುಡುಗಿ ಅದೇ ಕೇರಿಯ ಐದನೆಯ ತರಗತಿಯ ಮೂವರನ್ನು ಸಂಜೆ ಕೂರಿಸಿಕೊಂಡರೆ ಆಗುವ ಕೆಲಸ ಬೇರೆಯೇ. ಆ ಹುಡುಗಿಗೆ ನಾವು ಏನು ಕೊಡಬೇಕು ಎಂಬುದು ನಮ್ಮ ಕಾರ್ಯಕಾರಿ ಸಮಿತಿ ಯೋಚಿಸಬೇಕಾದ ವಿಷಯ. ಬಸ್ ಪಾಸು, ಪಿ.ಯು.ಸಿ. ಫೀಸು, ಒಂದು ದೀಪ, ದೊಡ್ಡ ಮೊತ್ತವೇನಲ್ಲ. ಮತ್ತು ಅವಳು ಕೂರಿಸಿಕೊಳ್ಳುವ ಮೂವರಲ್ಲಿ ಒಬ್ಬ ಹಿಂದೂ, ಒಬ್ಬಳು ಕ್ರೈಸ್ತಳಾಗಿದ್ದರೆ ನಾವು ಬೇಡ ಎನ್ನಬಾರದು. ಅವರ ಸಂಘ ಹಾಗೆ ಎಂದೂ ಹೇಳಿಲ್ಲ.

ಕೊನೆಯದಾಗಿ ನಮ್ಮ ಜಿಲ್ಲೆಯ ವಿಷಯ. 2003ರ ಪಟ್ಟಿಯಲ್ಲಿ ಉತ್ತರ ಕನ್ನಡ ಜಿಲ್ಲೆ ಎಂದಷ್ಟೇ ಬರೆದಿತ್ತು. ಹಳಿಯಾಳದ ಅಣ್ಣ ಪರಿಶಿಷ್ಟ ಪಂಗಡ, ಜಿಲ್ಲೆಯ ಗಡಿ ದಾಟಿ ಕಲಘಟಗಿಗೆ ಬಂದರೆ ಅವನ ತಮ್ಮ ಅಲ್ಲ! ಇದು ಬರೀ ಸ್ಕಾಲರ್‌ಶಿಪ್ಪಿನ ಪ್ರಶ್ನೆಯಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ಇದ್ದರೆಂದು ತೋರಿಸಿದರೆ ಸಾಕು; ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ರುಜುವಾತು ಮಾಡಬೇಕು. ಜೀತದಲ್ಲಿದ್ದವನ ಹತ್ತಿರ 75 ವರ್ಷದ ಕಾಗದ ಎಲ್ಲಿಂದ ಬರಬೇಕು? ಮತ್ತೆ ಮನವಿ, ಮತ್ತೆ ಅಲೆದಾಟ. ಸಂಸತ್ತು ಕಾಯ್ದೆ ತಿದ್ದಿ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನೂ ಪಟ್ಟಿಗೆ ಸೇರಿಸಿದ್ದು 2020ರಲ್ಲಿ, ಹದಿನೇಳು ವರ್ಷ ತಡವಾಗಿ.

ಪಟ್ಟಿಗೆ ಸೇರಿದ್ದು ಸಮುದಾಯ. ಪ್ರಮಾಣಪತ್ರ ಬೇಕಾದದ್ದು ಒಂದೊಂದು ಮಗುವಿಗೆ. ಅರ್ಜಿ, ಪಡಿತರ ಚೀಟಿ, ಆಧಾರ್, ತಂದೆಯ ಶಾಲೆ ಬಿಟ್ಟ ದಾಖಲೆ, ಇಷ್ಟನ್ನೂ ಹೊಂದಿಸಿಕೊಂಡು ನಾಡಕಚೇರಿಯ ಕೌಂಟರಿನ ಮುಂದೆ ನಿಲ್ಲಬೇಕು. ತಂದೆ ಶಾಲೆಗೇ ಹೋಗಿರದಿದ್ದರೆ ಶಾಲೆ ಬಿಟ್ಟ ದಾಖಲೆಯ ಬದಲಿಗೆ ಏನು ಕೊಡಬೇಕೆಂದು ಕೇಳಿ ತಿಳಿಯಬೇಕು. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾಗಿದ್ದರೆ ಮತ್ತೊಂದು ದಿನದ ಕೂಲಿ ಬಿಟ್ಟು ಬರಬೇಕು. ಹುಬ್ಬಳ್ಳಿಯಿಂದ ಕಲಘಟಗಿಗೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಸ್ಸುಗಳಿವೆ. ಶನಿವಾರ ಶಾಲೆ ಅರ್ಧ ದಿನ. ಫಾರ್ಮು ತುಂಬಲು ಬರುವ ಎಷ್ಟೋ ಜನ ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆಯನ್ನು ಓದುತ್ತಿರುತ್ತೀರಿ.